ನೂರು ಗ್ರಾಂ ಲೆಕ್ಕ ಬಿಡಿ, ತಟ್ಟೆಯ ಲೆಕ್ಕ ಹಿಡಿಯಿರಿ: ಒಗ್ಗರಣೆ ಸೊಪ್ಪು, ಶುಂಠಿ, ಬೆಳ್ಳುಳ್ಳಿಯ ಪೌಷ್ಟಿಕತೆ ಹೋಲಿಸುವ ಬಗೆ

ಕರಿಬೇವಿನಲ್ಲಿ ಹಾಲಿಗಿಂತ ಆರು ಪಟ್ಟು ಕ್ಯಾಲ್ಸಿಯಂ ಇದೆ ಎನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಮಾತು ಸುಳ್ಳೇನಲ್ಲ. ಆದರೆ ಆ ಲೆಕ್ಕ ನೂರು ಗ್ರಾಂ ಕರಿಬೇವಿಗೂ ನೂರು ಗ್ರಾಂ ಹಾಲಿಗೂ ಹಾಕಿದ್ದು. ನೂರು ಗ್ರಾಂ ಹಾಲು ಅಂದರೆ ಅರ್ಧ ಲೋಟ, ಒಂದೇ ಗುಟುಕಿಗೆ ಮುಗಿಯುತ್ತದೆ. ನೂರು ಗ್ರಾಂ ಕರಿಬೇವಿನ ಎಲೆ ಅಂದರೆ ಒಂದು ದೊಡ್ಡ ಪಾತ್ರೆ ತುಂಬ. ಅಷ್ಟನ್ನು ಒಂದೇ ಊಟಕ್ಕೆ ತಿಂದವರನ್ನು ನಾನು ಘಟ್ಟದ ಮೇಲೂ ನೋಡಿಲ್ಲ, ಕೆಳಗೂ ನೋಡಿಲ್ಲ.

ನನ್ನ ತವರು ಶಿರಸಿ ಸೀಮೆ, ಮದುವೆಯಾಗಿ ಬಂದಿದ್ದು ಕಾರವಾರಕ್ಕೆ. ಇಲ್ಲಿ ಮನೆಯಿಂದಲೇ ಡಬ್ಬಿ ಊಟ ಮಾಡಿ ಕೊಡುತ್ತೇನೆ. ಮಾಸ್ತರರು, ಬ್ಯಾಂಕಿನವರು, ಆಸ್ಪತ್ರೆಯಲ್ಲಿ ಪಾಳಿ ಮಾಡುವ ಹುಡುಗಿಯರು ನನ್ನ ಗಿರಾಕಿಗಳು. ರಕ್ತ ಕಮ್ಮಿ ಎಂದು ಡಾಕ್ಟರು ಹೇಳಿದವರು, ಮೂಳೆ ಸವೆದಿದೆ ಎಂದು ಕೇಳಿಸಿಕೊಂಡವರು ಬಂದು, "ಅಕ್ಕಾ, ಕೊತ್ತಂಬರಿ ಜಾಸ್ತಿ ಹಾಕಿ, ಕರಿಬೇವು ಜಾಸ್ತಿ ಹಾಕಿ" ಅನ್ನುತ್ತಾರೆ. ಹಾಕುವುದಕ್ಕೆ ನನ್ನದೇನೂ ತಕರಾರಿಲ್ಲ. ಎಷ್ಟು ಹಾಕಿದರೆ ಎಷ್ಟು ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತಿಳಿದುಕೊಳ್ಳಿ ಎನ್ನುವುದಷ್ಟೇ ನನ್ನ ಮಾತು. ಆ ಲೆಕ್ಕಕ್ಕೆ ಬೇಕಾದದ್ದು ಒಂದು ಸಣ್ಣ ತಕ್ಕಡಿ, ಒಂದು ಪಟ್ಟಿ ಮತ್ತು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ.

ಯಾವುದಕ್ಕೆ ಎಂಬ ಪ್ರಶ್ನೆ ಮೊದಲು

"ಯಾವ ಸೊಪ್ಪು ಹೆಚ್ಚು ಪೌಷ್ಟಿಕ?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಕ್ಯಾಲ್ಸಿಯಂ ಬೇಕೋ, ಕಬ್ಬಿಣ ಬೇಕೋ, ಸಿ ಜೀವಸತ್ವವೋ, ಕಣ್ಣಿಗೆ ಬೇಕಾದ ಬೀಟಾ ಕ್ಯಾರೊಟಿನೋ? ಒಂದರಲ್ಲಿ ಮೊದಲು ಬಂದದ್ದು ಇನ್ನೊಂದರಲ್ಲಿ ಕೊನೆಗೆ ನಿಲ್ಲುತ್ತದೆ. ಕರಿಬೇವಿನಲ್ಲಿ ಕ್ಯಾಲ್ಸಿಯಂ ದಂಡಿ, ಸಿ ಜೀವಸತ್ವ ಮಾತ್ರ ನೂರು ಗ್ರಾಂಗೆ ಮೂರ್ನಾಲ್ಕು ಮಿಲಿಗ್ರಾಂ. ಹಸಿಮೆಣಸಿನಲ್ಲಿ ಸಿ ಜೀವಸತ್ವ ತುಂಬಿದೆ, ಕ್ಯಾಲ್ಸಿಯಂ ಹೆಸರಿಗಷ್ಟೇ.

ದಿನಕ್ಕೆ ಎಷ್ಟು ಬೇಕು ಎಂಬ ಅಂಕಿಗಳನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ಕ್ಯಾಲ್ಸಿಯಂ 1000 ಮಿಲಿಗ್ರಾಂ. ಕಬ್ಬಿಣ ಗಂಡಸರಿಗೆ 19, ಹೆಂಗಸರಿಗೆ 29 ಮಿಲಿಗ್ರಾಂ. ಸಿ ಜೀವಸತ್ವ ಗಂಡಸರಿಗೆ 80, ಹೆಂಗಸರಿಗೆ 65. ಹೆಂಗಸರ ಕಬ್ಬಿಣದ ಅಂಕಿಯನ್ನು ಇನ್ನೊಮ್ಮೆ ನೋಡಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಾನು ಉಣ್ಣುವವಳಿಗೇ ಹೆಚ್ಚು ಕಬ್ಬಿಣ ಬೇಕು.

ತೂಕ

ಅಡುಗೆಮನೆಯ ದೊಡ್ಡ ತಕ್ಕಡಿ ಒಂದು ಕಡ್ಡಿ ಕರಿಬೇವಿಗೆ ಅಲುಗಾಡುವುದಿಲ್ಲ. ಗ್ರಾಮಿನ ಹತ್ತನೇ ಒಂದು ಪಾಲನ್ನೂ ತೋರಿಸುವ ಅಂಗೈಯಗಲದ ಡಿಜಿಟಲ್ ತಕ್ಕಡಿ ಈಗ ಅಗ್ಗಕ್ಕೇ ಸಿಗುತ್ತದೆ. ಅದಿಲ್ಲದಿದ್ದರೂ ಉಪಾಯವಿದೆ. ಒಂದು ಕಟ್ಟು ಪೂರ್ತಿ ತೂಗಿ, ಕಡ್ಡಿ ಎಣಿಸಿ, ಭಾಗಿಸಿ. ಎಲೆ ಬಿಡಿಸಿದ ಮೇಲೆ ಉಳಿದ ನಾರುಕಡ್ಡಿಗಳನ್ನು ಮತ್ತೆ ತೂಗಿ ಕಳೆಯುವುದನ್ನು ಮರೆಯಬೇಡಿ, ಕಡ್ಡಿಯನ್ನು ಯಾರೂ ತಿನ್ನುವುದಿಲ್ಲ.

ನನ್ನ ಹಿತ್ತಲಿನ ಗಿಡದ ಒಂದು ಕಡ್ಡಿಯಲ್ಲಿ ಹದಿನೈದಿಪ್ಪತ್ತು ಎಲೆ ಇರುತ್ತವೆ. ಬಿಡಿಸಿದ ಎಲೆ ಸುಮಾರು ಎರಡು ಗ್ರಾಂ ತೂಗುತ್ತದೆ. ನಾಲ್ಕು ಜನರ ಸಾರಿನ ಒಗ್ಗರಣೆಗೆ ಎರಡು ಕಡ್ಡಿ ಹಾಕಿದರೆ ಒಬ್ಬರ ಪಾಲು ಒಂದು ಗ್ರಾಂ. ಕೊತ್ತಂಬರಿ ಸೊಪ್ಪನ್ನು ಮೇಲೆ ಉದುರಿಸಿದರೆ ಒಬ್ಬರಿಗೆ ಎರಡು ಗ್ರಾಂ ಬಂದರೆ ಹೆಚ್ಚು, ಚಟ್ನಿ ಅರೆದರೆ ಹತ್ತು ಗ್ರಾಂ. ನಮ್ಮ ಪೇಟೆಯ ಬೆಳ್ಳುಳ್ಳಿ ಎಸಳು ಒಂದೂವರೆಯಿಂದ ಎರಡು ಗ್ರಾಂ. ಒಂದು ಹಸಿಮೆಣಸು ನಾಲ್ಕೈದು ಗ್ರಾಂ. ಶುಂಠಿ ಹೆಬ್ಬೆರಳಿನ ಉಗುರಿನಷ್ಟು ತುಂಡು ಮೂರ್ನಾಲ್ಕು ಗ್ರಾಂ. ಚಿಟಿಕೆ ಅರಿಸಿನ ಅರ್ಧ ಗ್ರಾಂ. ನೀರುಳ್ಳಿ ಮಾತ್ರ ಸಲೀಸಾಗಿ ಐವತ್ತು, ನೂರು ಗ್ರಾಂ ಹೊಟ್ಟೆಗೆ ಹೋಗುತ್ತದೆ. ಈ ಗುಂಪಿನಲ್ಲಿ ತರಕಾರಿಯ ಹಾಗೆ ತಿನ್ನುವುದು ಅದೊಂದನ್ನೇ.

ನಿಮ್ಮ ಮನೆಯ ಕೈ ಅಳತೆ ಬೇರೆ ಇರಬಹುದು. ನನ್ನ ಅಂಕಿ ಬರೆದುಕೊಳ್ಳುವ ಬದಲು ನಿಮ್ಮದನ್ನೇ ತೂಗಿ. ಒಂದು ಸಲ ತೂಗಿದರೆ ಸಾಕು, ಆಮೇಲೆ ಕಣ್ಣಂದಾಜು ಸಾಗುತ್ತದೆ.

ಪಟ್ಟಿ ಓದುವಾಗ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತದ ಆಹಾರಗಳ ಸತ್ವದ ಪಟ್ಟಿಯನ್ನು 2017ರಲ್ಲಿ ಹೊಸದಾಗಿ ಹೊರತಂದಿದೆ. ಜಾಲತಾಣಗಳಲ್ಲಿ, ದಿನಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಇನ್ನೂ ಓಡಾಡುತ್ತಿರುವುದು ಬಹುಪಾಲು ಹಳೆಯ ಪಟ್ಟಿಯ ಅಂಕಿಗಳು. ಎರಡಕ್ಕೂ ಇರುವ ಅಂತರ ಸಣ್ಣದಲ್ಲ. ಕರಿಬೇವಿನ ಕ್ಯಾಲ್ಸಿಯಂ ಹಳೆಯದರಲ್ಲಿ ನೂರು ಗ್ರಾಂಗೆ 830 ಮಿಲಿಗ್ರಾಂ, ಹೊಸದರಲ್ಲಿ 650ರ ಆಸುಪಾಸು. ಕೊತ್ತಂಬರಿ ಸೊಪ್ಪಿನ ಸಿ ಜೀವಸತ್ವ ಹಳೆಯದರಲ್ಲಿ 135, ಹೊಸದರಲ್ಲಿ 25ರ ಹತ್ತಿರ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೂ 27 ಎನ್ನುತ್ತದೆ. ಹಾಗಾಗಿ "ಕೊತ್ತಂಬರಿ ತಿಂದರೆ ಸಿ ಜೀವಸತ್ವ" ಎಂಬ ಹಳೆಯ ಹೊಗಳಿಕೆಗೆ ಈಗ ಅಷ್ಟು ಬಲವಿಲ್ಲ. ಹಸಿಮೆಣಸಿಗೆ ನಮ್ಮ ಪಟ್ಟಿಗಳು ನೂರರ ಸುತ್ತ ಹೇಳಿದರೆ ಅಮೆರಿಕದ್ದು 242 ಎನ್ನುತ್ತದೆ. ತಳಿ ಬೇರೆ, ಮಣ್ಣು ಬೇರೆ, ಕೊಯ್ದ ಮೇಲೆ ಕಳೆದ ಹೊತ್ತು ಬೇರೆ. ಆದ್ದರಿಂದ ಅಂಕಿಯನ್ನು ದಶಾಂಶದವರೆಗೆ ನಂಬಬೇಡಿ. ಹತ್ತೋ, ನೂರೋ, ಸಾವಿರವೋ ಎಂಬಷ್ಟು ತಿಳಿದರೆ ಅಡುಗೆಗೆ ಸಾಕು.

ಪಟ್ಟಿಯಲ್ಲಿ ತೇವಾಂಶ ಎಂಬ ಒಂದು ಕಾಲಮ್ಮು ಇರುತ್ತದೆ. ಜನ ಅದನ್ನು ಹಾರಿಸಿ ಓದುತ್ತಾರೆ, ಹೋಲಿಕೆ ಎಡವುವುದು ಅಲ್ಲಿಯೇ. ಕೊತ್ತಂಬರಿ ಸೊಪ್ಪಿನಲ್ಲಿ ಹೆಚ್ಚುಕಮ್ಮಿ ನೂರಕ್ಕೆ ತೊಂಬತ್ತು ಪಾಲು ನೀರು. ಕರಿಬೇವಿನಲ್ಲಿ ಮೂರನೇ ಎರಡು ಪಾಲಿಗೆ ಸ್ವಲ್ಪ ಕಡಿಮೆ. ಒಣಪುಡಿಯಲ್ಲಿ ನೀರು ಇಲ್ಲವೆನ್ನುವಷ್ಟು. ಯಾರೋ ಒಣಗಿಸಿದ ಪುದೀನವನ್ನು ಹಸಿ ಕೊತ್ತಂಬರಿಯ ಪಕ್ಕ ಇಟ್ಟು "ಹತ್ತು ಪಟ್ಟು ಕಬ್ಬಿಣ" ಎಂದರೆ ಆ ಹತ್ತರಲ್ಲಿ ಬಹುಪಾಲು ನೀರು ಆರಿದ್ದರಿಂದ ಬಂದದ್ದು. ಹಸಿಯನ್ನು ಹಸಿಯ ಜೊತೆ ಹೋಲಿಸಿ, ಒಣದನ್ನು ಒಣದರ ಜೊತೆ. ಬೆರೆಸಲೇಬೇಕಾದರೆ ಒಬ್ಬರ ತಟ್ಟೆಗೆ ಬೀಳುವ ಗ್ರಾಮಿಗೆ ಇಳಿಸಿ ಹೋಲಿಸಿ.

ಇನ್ನು ಲೆಕ್ಕ. ಪಟ್ಟಿಯ ಅಂಕಿಯನ್ನು ನಿಮ್ಮ ಗ್ರಾಮಿನಿಂದ ಗುಣಿಸಿ, ನೂರರಿಂದ ಭಾಗಿಸಿ, ದಿನದ ಅಗತ್ಯದ ಪಕ್ಕ ಇಡಿ.

ಒಗ್ಗರಣೆಯ ಒಂದು ಗ್ರಾಂ ಕರಿಬೇವಿನಿಂದ ಕ್ಯಾಲ್ಸಿಯಂ ಆರೂವರೆ ಮಿಲಿಗ್ರಾಂ. ಬೇಕಾದದ್ದು 1000. ಅಂದರೆ ನೂರಕ್ಕೆ ಒಂದು ಪಾಲೂ ಅಲ್ಲ. ಮೇಲೆ ಉದುರಿಸಿದ ಎರಡು ಗ್ರಾಂ ಕೊತ್ತಂಬರಿಯಿಂದ ಸಿ ಜೀವಸತ್ವ ಅರ್ಧ ಮಿಲಿಗ್ರಾಂ. ಅದೇ ಕೋಸಂಬರಿಯಲ್ಲಿ ಹಸಿಯಾಗಿ ಕೊಚ್ಚಿ ಹಾಕಿದ ಅರ್ಧ ಮೆಣಸಿನಕಾಯಿ ಎರಡು ಮಿಲಿಗ್ರಾಮಿನ ಮೇಲೆ ಕೊಡುತ್ತದೆ, ಹಿಂಡಿದ ನಿಂಬೆಯ ಒಂದು ದೊಡ್ಡ ಚಮಚ ರಸ ಐದಾರು ಮಿಲಿಗ್ರಾಂ. ಹಿತ್ತಲಲ್ಲಿ ಬಿದ್ದು ಹಕ್ಕಿ ಕುಕ್ಕುವ ಪೇರಲೆ ಹಣ್ಣು ಒಂದು ತಿಂದರೆ 200 ಮಿಲಿಗ್ರಾಂ ದಾಟುತ್ತದೆ. ಸಿ ಜೀವಸತ್ವಕ್ಕಾಗಿ ಕೊತ್ತಂಬರಿ ಕಟ್ಟು ಕೊಳ್ಳುವವರು ಪೇರಲೆ ಗಿಡದ ಕಡೆ ಒಮ್ಮೆ ನೋಡಲಿ.

ತಟ್ಟೆಗೆ ಬಿದ್ದದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ

ವಾಪಸು ಬಂದ ಡಬ್ಬಿ ತೊಳೆಯುವವಳಿಗೆ ಇದು ಚೆನ್ನಾಗಿ ಗೊತ್ತು. ಮುಚ್ಚಳದ ಒಳ ಅಂಚಿಗೆ ಕರಿಬೇವಿನ ಎಲೆಗಳನ್ನು ಸಾಲಾಗಿ ಅಂಟಿಸಿ ಕಳಿಸುತ್ತಾರೆ, ಕೆಲವರು ಎಷ್ಟು ಅಚ್ಚುಕಟ್ಟು ಅಂದರೆ ಸಾಸಿವೆ ಕಾಳನ್ನೂ ಪಕ್ಕಕ್ಕೆ ಗುಡ್ಡೆ ಹಾಕಿರುತ್ತಾರೆ. ಕರಿಬೇವು ಹೆಚ್ಚು ಹಾಕಿ ಎಂದು ಕೇಳಿದವರ ಡಬ್ಬಿಯೂ ಇದರಲ್ಲಿ ಸೇರಿರುತ್ತದೆ! ಎಲೆಯ ಪರಿಮಳ ಎಣ್ಣೆಗೆ ಇಳಿದಿರುತ್ತದೆ, ಕ್ಯಾಲ್ಸಿಯಂ ಇಳಿಯುವುದಿಲ್ಲ. ಅದು ಎಲೆಯ ಜೊತೆ ಕಸದ ಬುಟ್ಟಿಗೆ.

ಹಾಗಾಗಿ ಸತ್ವಕ್ಕೆಂದು ಹಾಕುವುದಾದರೆ ಎಲೆ ಕಾಣದ ಹಾಗೆ ಹಾಕಿ. ಸಣ್ಣಗೆ ಕತ್ತರಿಸಿ ಒಗ್ಗರಣೆಗೆ ಹಾಕಬಹುದು, ನಾನು ಬಟ್ಟೆ ಕತ್ತರಿಸುವ ಕತ್ತರಿಯಂಥದ್ದನ್ನೇ ಒಂದು ಅಡುಗೆಗೆ ಮೀಸಲಿಟ್ಟಿದ್ದೇನೆ. ಕಾಯಿಯ ಜೊತೆ ಅರೆಯಬಹುದು. ಪುಡಿ ಮಾಡಬಹುದು.

ಕುದಿಸಿ ಸೋಸುವ ಸೊಪ್ಪಿನದೂ ಇದೇ ಕತೆ. ಶಿರಸಿ ಕಡೆ ಕಷಾಯಕ್ಕೂ ಮಜ್ಜಿಗೆಗೂ ಮಜ್ಜಿಗೆಹುಲ್ಲು, ಅಂದರೆ ನಿಂಬೆಹುಲ್ಲು, ಹಾಕುತ್ತೇವೆ. ನಾಲ್ಕು ಎಳೆ ಗಂಟು ಕಟ್ಟಿ ಕುದಿಸಿ ತೆಗೆದು ಬಿಸಾಡುವುದು. ಪರಿಮಳಕ್ಕೆ ಅದಕ್ಕೆ ಸಾಟಿಯಿಲ್ಲ, ಪೌಷ್ಟಿಕತೆಯ ಪಟ್ಟಿಯಲ್ಲಿ ಅದಕ್ಕೊಂದು ಸೊನ್ನೆ ಹಾಕಿ ಮುಂದಕ್ಕೆ ಹೋಗಿ. ನಾವು ಬಾಯಿ ಎಂದು ಕರೆಯುವ ಎದುರುಮನೆಯ ಹೆಂಗಸು ಬಂಗಡೆ ಮೀನಿನ ಸಾರಿಗೆ ತಿರಫಳ ಜಜ್ಜಿ ಹಾಕುತ್ತಾರೆ. ಘಟ್ಟದ ಮೇಲೆ ಅದನ್ನೇ ಜುಮ್ಮನಕಾಯಿ ಅನ್ನುತ್ತಾರೆ. ನಾಲಿಗೆ ಜುಮ್ಮೆನ್ನಿಸುವ ಆ ಒಣಸಿಪ್ಪೆ ಇಲ್ಲದೆ ಅವರಿಗೆ ಬಂಗಡೆ ಸಾರು ಸಾರೇ ಅಲ್ಲ.

"ವೈನಿ, ಇದ್ರಲ್ಲಿ ಏನಾದ್ರೂ ಶಕ್ತಿ ಉಂಟಾ?" ಎಂದು ಕೇಳಿದರು ಒಮ್ಮೆ.

"ಶಕ್ತಿಯೆಲ್ಲ ಬಂಗಡೆಯದ್ದು ಬಾಯಿ, ಇದು ಬರೇ ಘಮ" ಅಂದೆ. ಅವರಿಗೇನೂ ಬೇಜಾರಾಗಲಿಲ್ಲ. ಘಮಕ್ಕಾಗಿಯೇ ಅಲ್ಲವೇ ಹಾಕುವುದು.

ಇಂಗಿನದೂ ಹಾಗೆಯೇ. ಚಿಟಿಕೆಯಲ್ಲಿ ಲೆಕ್ಕಕ್ಕೆ ಸಿಗುವಂಥದ್ದು ಏನೂ ಇಲ್ಲ. ಡಬ್ಬಿಯ ಇಂಗಿನಲ್ಲಿ ಬಹುಪಾಲು ಗೋಂದು, ಹಿಟ್ಟು. ಗೋಧಿ ಆಗದವರು ಆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿಕೊಳ್ಳಬೇಕು.

ತಂಬುಳಿ: ಸೊಪ್ಪು ಹೊಟ್ಟೆಗೆ ಹೋಗುವ ದಾರಿ

ಸೊಪ್ಪನ್ನು ಹಿಡಿಗಟ್ಟಲೆ ಒಳಗೆ ಸೇರಿಸಲು ನಮ್ಮ ಘಟ್ಟದ ಮೇಲಿನವರು ಕಂಡುಕೊಂಡ ದಾರಿ ತಂಬುಳಿ. ಕರಿಬೇವು, ದೊಡ್ಡಪತ್ರೆ, ಒಂದೆಲಗ, ಪುದೀನ ಯಾವುದಾದರೂ ಸರಿ. ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ. ದೊಡ್ಡಪತ್ರೆಯಾದರೆ ಎಲೆ ಮೆತ್ತಗಾಗಿ ಬಣ್ಣ ಸ್ವಲ್ಪ ಮಾಸುವವರೆಗೆ ಬಾಡಿಸಬೇಕು, ಇಲ್ಲವಾದರೆ ಒಗರು ಗಂಟಲಿಗೆ ಹಿಡಿಯುತ್ತದೆ. ಒಂದೆಲಗವನ್ನು ಹಸಿಯಾಗಿಯೇ ಅರೆಯಬಹುದು. ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ಅರೆದು, ದಪ್ಪ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿದರೆ ಆಯಿತು. ಮತ್ತೆ ಒಲೆಗೆ ಇಡಬೇಡಿ.

ನಾಲ್ಕು ಜನರ ತಂಬುಳಿಗೆ ಇಪ್ಪತ್ತು ಗ್ರಾಂ ಕರಿಬೇವು ಹಾಕಿದರೆ ಒಬ್ಬರಿಗೆ ಐದು ಗ್ರಾಂ. ಒಗ್ಗರಣೆಯ ಐದು ಪಟ್ಟು, ಅದೂ ಪೂರ್ತಿ ಒಳಗೆ. ಕ್ಯಾಲ್ಸಿಯಂ ಮೂವತ್ತು ಚಿಲ್ಲರೆ ಮಿಲಿಗ್ರಾಂ. ಕಬ್ಬಿಣ, ಹೊಸ ಪಟ್ಟಿಯ ಎಂಟೂವರೆ ಚಿಲ್ಲರೆಯ ಲೆಕ್ಕದಲ್ಲಿ, 0.4 ಮಿಲಿಗ್ರಾಂ. ಬೀಟಾ ಕ್ಯಾರೊಟಿನ್ ನೂರು ಗ್ರಾಂಗೆ 7000 ಮೈಕ್ರೋಗ್ರಾಂ ಮೇಲಿದೆ, ಅಂದರೆ ಒಬ್ಬರಿಗೆ 350ರಷ್ಟು. ಅದೆಲ್ಲ ದೇಹದಲ್ಲಿ ಎ ಜೀವಸತ್ವ ಆಗುವುದಿಲ್ಲ, ಹನ್ನೆರಡಕ್ಕೆ ಒಂದು ಎಂಬುದು ಅಮೆರಿಕದವರು ಹಿಡಿದ ಪ್ರಮಾಣ. ಆ ಲೆಕ್ಕದಲ್ಲಿ ಮೂವತ್ತು ಮೈಕ್ರೋಗ್ರಾಂ ದಕ್ಕೀತು. ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ತಂಬುಳಿಯಲ್ಲಿ ತುಪ್ಪವೂ ಕಾಯಿಯೂ ಇರುವುದರಿಂದ ಆ ಕೊರತೆಯಿಲ್ಲ. ನೀರಲ್ಲಿ ಅರೆದು ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುವ ಹಸಿರು ಜ್ಯೂಸಿಗಿಂತ ತಂಬುಳಿ ಮೇಲು ಎಂದು ನಾನು ಹೇಳುವುದು ತವರಿನ ಅಭಿಮಾನಕ್ಕಲ್ಲ, ಈ ಜಿಡ್ಡಿನ ಲೆಕ್ಕಕ್ಕೆ.

ಇನ್ನೊಂದು ಮಾತು. ಕರಿಬೇವಿನ ಕ್ಯಾಲ್ಸಿಯಮ್ಮಿನಲ್ಲಿ ಒಂದು ಪಾಲು ಎಲೆಯಲ್ಲೇ ಇರುವ ಆಕ್ಸಲೇಟ್ ಎಂಬ ಅಂಶಕ್ಕೆ ಕಟ್ಟಿಕೊಂಡಿರುತ್ತದೆ, ಅಷ್ಟು ದಕ್ಕುವುದಿಲ್ಲ. ಅದೇ ತಂಬುಳಿಗೆ ಹಾಕಿದ ನೂರು ಗ್ರಾಂ ಮೊಸರಿನಲ್ಲಿ 120 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ, ಅದು ಸುಲಭವಾಗಿ ಮೈಗೆ ಹತ್ತುವಂಥದ್ದು. ಕರಿಬೇವಿನ ತಂಬುಳಿ ಉಂಡು ಮೂಳೆ ಗಟ್ಟಿಯಾಯಿತು ಅನ್ನುವವರು ಮಜ್ಜಿಗೆಗೂ ಸ್ವಲ್ಪ ಶ್ರೇಯ ಕೊಡಲಿ. ಐವತ್ತು ಗ್ರಾಂ ರಾಗಿಹಿಟ್ಟಿನ ರೊಟ್ಟಿಯೂ 170 ಮಿಲಿಗ್ರಾಂ ದಾಟುತ್ತದೆ. ಮೀನು ತಿನ್ನುವವರಿಗೆ ಒಣಸಿಗಡಿ ಚಟ್ನಿ ಇದೆ.

ದೊಡ್ಡಪತ್ರೆಯ ಬಗ್ಗೆ ಹೇಳುವುದಾದರೆ, ಅದರ ದಪ್ಪ ಎಲೆಯಲ್ಲಿ ಇರುವುದು ನೀರೇ ಹೆಚ್ಚು. ಅದರ ಬೆಲೆ ಇರುವುದು ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯಂಶಗಳಲ್ಲಿ. ಓಮಕ್ಕೆ ಆ ವಾಸನೆ ಕೊಡುವುದೂ ಥೈಮಾಲೇ. ಕೆಮ್ಮಿಗೆ ಅಜ್ಜಿಯಂದಿರು ಇದರ ರಸ ಹಿಂಡುತ್ತಿದ್ದರು. ಕಾರವಾರದ ಮಳೆಯಲ್ಲಿ, ಬೆಳಗಾವಿ ಕಡೆಯಿಂದ ಬರುವ ಕೊತ್ತಂಬರಿ ಅರ್ಧ ಕೊಳೆತು ದುಪ್ಪಟ್ಟು ದರಕ್ಕೆ ಕೂತಾಗ, ಕುಂಡದಲ್ಲಿ ತುಂಡು ಊರಿದರೂ ಬದುಕುವ ಗಿಡ ಇದು. ಈ ಲಾಭ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಬೆಳ್ಳುಳ್ಳಿ, ಶುಂಠಿ, ಅರಿಸಿನ

ಇವುಗಳನ್ನು ಜೀವಸತ್ವದ ಕಾಲಮ್ಮಿನಲ್ಲಿ ಹುಡುಕಿದರೆ ನಿರಾಶೆಯೇ. ಎರಡು ಎಸಳು ಬೆಳ್ಳುಳ್ಳಿಯಲ್ಲಿ ಸಿ ಜೀವಸತ್ವ ಒಂದು ಮಿಲಿಗ್ರಾಂ, ಅದೂ ಬಿಸಿಗೆ ಕರಗುತ್ತದೆ. ನಾಲ್ಕು ಗ್ರಾಂ ಶುಂಠಿಯಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಇವುಗಳ ಕೆಲಸ ಬೇರೆ, ಮಾಡುವ ಕ್ರಮದಲ್ಲಿ ಅದು ಉಳಿಯುತ್ತದೆ ಇಲ್ಲವೇ ಹಾಳಾಗುತ್ತದೆ.

ಬೆಳ್ಳುಳ್ಳಿಯ ಎಸಳು ಇಡಿಯಾಗಿದ್ದಾಗ ಅದರಲ್ಲಿ ಆ ಘಾಟು ಇರುವುದಿಲ್ಲ. ಜಜ್ಜಿದಾಗ ಒಳಗಿನ ಅಲ್ಲಿಯಿನ್ ಎಂಬ ಅಂಶಕ್ಕೆ ಕಿಣ್ವವೊಂದು ತಗಲಿ ಅಲ್ಲಿಸಿನ್ ಹುಟ್ಟುತ್ತದೆ. ಆ ಕಿಣ್ವಕ್ಕೆ ಬಿಸಿ ಆಗುವುದಿಲ್ಲ. ಇಡಿ ಎಸಳನ್ನೋ ಆಗಷ್ಟೇ ಜಜ್ಜಿದ್ದನ್ನೋ ನೇರ ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಕೆಲಸ ಮುಗಿಸುವ ಮೊದಲೇ ಸಾಯುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಒಗ್ಗರಣೆ ಮಾಡಿ. ಅನ್ನ ಬಾಗಿಸುವ ಹೊತ್ತಿಗೆ ಜಜ್ಜಿಟ್ಟರೆ ಸಾರಿನ ಹೊತ್ತಿಗೆ ಸರಿಯಾಗುತ್ತದೆ. ಕಾರವಾರದ ಕಡೆ ಸಿಪ್ಪೆ ಸಮೇತ ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಕಾಯಿಸುವ ಒಗ್ಗರಣೆ ರುಚಿಗೆ ಏನೇನೂ ಕಡಿಮೆಯಿಲ್ಲ, ಅಲ್ಲಿಸಿನ್ ಮಾತ್ರ ಅದರಲ್ಲಿ ಹುಡುಕಬೇಡಿ.

ನನ್ನ ತವರಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಅಪರೂಪ, ನೀರುಳ್ಳಿಯೂ ವಾರದ ಎಲ್ಲ ದಿನಕ್ಕಲ್ಲ. ಇಲ್ಲಿಗೆ ಬಂದ ಮೇಲೆ ಕೈ ಹಿಡಿದದ್ದು. ಅದರ ಪರವಾಗಿ ಒಂದು ಗಟ್ಟಿ ಮಾತಿದೆ. ಧಾನ್ಯ, ಬೇಳೆಗಳ ಜೊತೆ ಬೆಳ್ಳುಳ್ಳಿ ಅಥವಾ ನೀರುಳ್ಳಿ ಸೇರಿಸಿದರೆ ಆ ಧಾನ್ಯದ ಕಬ್ಬಿಣ, ಸತು ಹೆಚ್ಚು ಬಿಡುಗಡೆಯಾಗುತ್ತವೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ್ದರು. ಪ್ರಯೋಗಾಲಯದಲ್ಲಿ ಜೀರ್ಣಕ್ರಿಯೆಯನ್ನು ಅನುಕರಿಸಿ ಮಾಡಿದ ಪ್ರಯೋಗ ಅದು, ಮನುಷ್ಯರ ಮೇಲೆ ಮಾಡಿದ್ದಲ್ಲ. ಒಣಮಾವಿನ ಪುಡಿ, ನಿಂಬೆಯ ಹುಳಿಯ ಬಗ್ಗೆಯೂ ಅದೇ ಸಂಸ್ಥೆಯಿಂದ ಇಂಥದೇ ಫಲಿತಾಂಶ ಬಂದಿದೆ. ಅಂದರೆ ಬೆಳ್ಳುಳ್ಳಿ ತಾನೇ ಕಬ್ಬಿಣ ಕೊಡದಿದ್ದರೂ ಬೇಳೆಯ ಕಬ್ಬಿಣವನ್ನು ಬಿಡಿಸಿ ಕೊಡುತ್ತದೆ. ರಕ್ತ ಕಮ್ಮಿ ಎಂದು ಬರುವವರಿಗೆ ನಾನು ಕೊತ್ತಂಬರಿ ಹೆಚ್ಚಿಸುವ ಬದಲು ಕಾಳಿನ ಪಲ್ಯದ ಮೇಲೆ ನಿಂಬೆ ಹಿಂಡಿ ಕಳಿಸುತ್ತೇನೆ. ಊಟದ ಬೆನ್ನಿಗೇ ಚಾ ಕುಡಿಯಬೇಡಿ ಎಂದೂ ಹೇಳುತ್ತೇನೆ, ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಾಕ್ಟರು ಕೊಟ್ಟ ಮಾತ್ರೆಗೆ ಇದ್ಯಾವುದೂ ಬದಲಿಯಲ್ಲ.

ಶುಂಠಿಗೆ ಹಸಿಯಿದ್ದಾಗ ಖಾರ ಕೊಡುವುದು ಜಿಂಜರಾಲ್ ಎಂಬ ಅಂಶ. ಒಣಗಿಸಿದರೆ ಅದು ಶೋಗಾಲ್ ಆಗಿ ಖಾರ ಏರುತ್ತದೆ, ಬೇಯಿಸಿದರೆ ಜಿಂಜರೋನ್ ಆಗಿ ಖಾರ ಇಳಿದು ಸಿಹಿಗಂಪು ಬರುತ್ತದೆ. ಹಸಿಶುಂಠಿ, ಒಣಶುಂಠಿ ಎರಡನ್ನೂ ಅಡುಗೆಯವರು ಬೇರೆ ಬೇರೆ ಸಾಮಾನೆಂದೇ ಬಳಸುತ್ತಾರೆ, ರಸಾಯನದ ಲೆಕ್ಕದಲ್ಲೂ ಹಾಗೆಯೇ. ಮಾವಿನಶುಂಠಿ ಹೆಸರಿಗೆ ಶುಂಠಿಯಾದರೂ ಅರಿಸಿನದ ಕುಲದ್ದು. ಅದನ್ನು ಶುಂಠಿಯ ಲೆಕ್ಕಕ್ಕೆ ಸೇರಿಸಬೇಡಿ, ಚಟ್ನಿ ಅರೆದು ತಿನ್ನಿ.

ಅರಿಸಿನಕ್ಕೆ ಕಾಳುಮೆಣಸು ಸೇರಿಸಿದರೆ ಅದರ ಸತ್ವ ಇಪ್ಪತ್ತು ಪಟ್ಟು ಮೈಗೆ ಹತ್ತುತ್ತದೆ ಎಂದು ಊರೆಲ್ಲ ಹಬ್ಬಿದ ಮಾತಿಗೆ ಮೂಲ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಎರಡು ಗ್ರಾಂ ಕರ್ಕ್ಯುಮಿನ್ (ಅರಿಸಿನದ ಹಳದಿ ಅಂಶ) ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತು. ಪೈಪರೀನ್ ಅಂದರೆ ಕಾಳುಮೆಣಸಿನ ಖಾರ. ಇಪ್ಪತ್ತು ಮಿಲಿಗ್ರಾಂ ಪೈಪರೀನಿಗೆ ಏಳೆಂಟು ಕಾಳು ಸಾಕು, ಶಿರಸಿಯ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯದ್ದಾದರೆ ಇನ್ನೂ ಒಳ್ಳೆಯದು (ಇದು ಮಾತ್ರ ತವರಿನ ಅಭಿಮಾನವೇ). ತೊಡಕು ಇರುವುದು ಅರಿಸಿನದ ಕಡೆ. ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲು ಎಂದುಕೊಂಡರೂ ಎರಡು ಗ್ರಾಂ ಕರ್ಕ್ಯುಮಿನಿಗೆ ಸುಮಾರು ಅರವತ್ತೇಳು ಗ್ರಾಂ ಪುಡಿ ಬೇಕು. ನಮ್ಮ ಚಿಟಿಕೆಯಲ್ಲಿ ಸಿಗುವುದು ಹದಿನೈದು ಮಿಲಿಗ್ರಾಂ. ಬಿಸಿಹಾಲಿಗೆ ಅರಿಸಿನ, ಮೆಣಸಿನಪುಡಿ ಹಾಕಿ ಕುಡಿಯಿರಿ, ಗಂಟಲಿಗೆ ಹಿತ. ಅಧ್ಯಯನದ ಅಂಕಿಯನ್ನು ಲೋಟಕ್ಕೆ ಇಳಿಸಬೇಡಿ. ಕರ್ಕ್ಯುಮಿನ್ ಗುಳಿಗೆಗಳನ್ನು ಡಾಕ್ಟರನ್ನು ಕೇಳದೆ ನುಂಗಲೂಬೇಡಿ.

ರಕ್ತ ತೆಳುವಾಗಲೆಂದು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಬೇರೆ ಎಚ್ಚರಿಕೆ. ಕೊತ್ತಂಬರಿಯಂಥ ಹಸಿರೆಲೆಯಲ್ಲಿ ಕೆ ಜೀವಸತ್ವ ಹೇರಳ, ನೂರು ಗ್ರಾಂಗೆ 310 ಮೈಕ್ರೋಗ್ರಾಂ. ಒಂದು ವಾರ ಏನೂ ಇಲ್ಲ, ಮುಂದಿನ ವಾರ ದಿನಾ ಚಟ್ನಿ ಎಂದರೆ ಮಾತ್ರೆಯ ಅಳತೆ ತಪ್ಪುತ್ತದೆ. ಸೊಪ್ಪನ್ನು ದಿನಾ ಒಂದೇ ಅಳತೆಯಲ್ಲಿ ತಿನ್ನಿ, ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ.

ನೀರುಳ್ಳಿ ಮತ್ತು ಉಪ್ಪು

ಬೇಸಿಗೆಯಲ್ಲಿ ಕುಮಟಾ ದಾಟುವಾಗ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕಿದ ಸಿಹಿ ನೀರುಳ್ಳಿ ಕಾಣುತ್ತದಲ್ಲ, ಒಂದು ಜಡೆ ತಂದು ಅಡುಗೆಮನೆಯ ಕಿಟಕಿಗೆ ಕಟ್ಟಿದರೆ ಗಾಳಿಗೆ ಕೊಳೆಯದೆ ಉಳಿಯುತ್ತದೆ. ನೂರು ಗ್ರಾಂ ನೀರುಳ್ಳಿಯಲ್ಲಿ 40 ಕ್ಯಾಲರಿ, ಸಿ ಜೀವಸತ್ವ ಏಳು ಮಿಲಿಗ್ರಾಂ, ಜೊತೆಗೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟವಾಗುವ ಫ್ರಕ್ಟಾನ್ ಎಂಬ ನಾರು. ಹೊಟ್ಟೆಯುಬ್ಬರ ಬರುವವರಿಗೆ ತೊಂದರೆ ಕೊಡುವುದೂ ಅದೇ ನಾರು. ಸಿಹಿ ತಳಿಗಳಲ್ಲಿ ಕಣ್ಣೀರು ಬರಿಸುವ ಗಂಧಕದ ಅಂಶ ಕಡಿಮೆ, ಘಾಟಿನ ನೀರುಳ್ಳಿಯಲ್ಲಿ ಹೆಚ್ಚು. ಆದರೂ ಸಿಹಿಯದನ್ನು ಜನ ಹಸಿಯಾಗಿ ತಟ್ಟೆತುಂಬ ತಿನ್ನುತ್ತಾರೆ, ಘಾಟಿನದನ್ನು ಒಂದು ಹೋಳು ಕಚ್ಚಿ ಬಿಡುತ್ತಾರೆ. ಕ್ವೆರ್ಸೆಟಿನ್ ಎಂಬ ಅಂಶ ಹೊರಪದರಗಳಲ್ಲಿ ಹೆಚ್ಚು, ಆದ್ದರಿಂದ ಒಣಸಿಪ್ಪೆಯ ಕೆಳಗಿನ ದಪ್ಪ ಪದರವನ್ನು ಅಂದಕ್ಕೆಂದು ಕಿತ್ತು ಎಸೆಯಬೇಡಿ.

ಇವೆಲ್ಲಕ್ಕಿಂತ ದೊಡ್ಡ ಲಾಭವೊಂದು ಉಪ್ಪಿನ ಕಡೆಯಿಂದ ಬರುತ್ತದೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಳ್ಳುವ ಊರಿನಲ್ಲಿ ಅದು ಸುಲಭವಲ್ಲ. ಸಾರಿಗೆ ಉಪ್ಪು ಕಡಿಮೆ ಮಾಡಿದಾಗ ಗಿರಾಕಿಗಳು ಗುರುತಿಸದ ಹಾಗೆ ನೋಡಿಕೊಳ್ಳುವುದು ಮುರುಗಲು ಹುಳಿ, ಜಜ್ಜಿದ ಶುಂಠಿ ಮತ್ತು ಇಳಿಸುವಾಗ ಹಾಕುವ ಕೊತ್ತಂಬರಿ. ಕೊತ್ತಂಬರಿಯ ದಂಟನ್ನೂ ಎಸೆಯಬೇಡಿ, ಪರಿಮಳ ಅದರಲ್ಲೇ ಜಾಸ್ತಿ. ದಂಟು ಅರೆಯುವುದಕ್ಕೆ, ಎಲೆ ಮೇಲೆ ಉದುರಿಸುವುದಕ್ಕೆ. ತೊಳೆಯುವುದಾದರೆ ಕೊಚ್ಚುವ ಮೊದಲು ತೊಳೆಯಿರಿ, ಕೊಚ್ಚಿ ತೊಳೆದರೆ ಸಿ ಜೀವಸತ್ವ ನೀರಿನ ಜೊತೆ ಹೋಗುತ್ತದೆ.

ಕರಿಬೇವಿನ ಪುಡಿ

ಇಷ್ಟೆಲ್ಲ ತೂಗಿ ನೋಡಿದ ಮೇಲೆ, ಒಬ್ಬರ ತಟ್ಟೆಗೆ ಅತಿ ಹೆಚ್ಚು ಸತ್ವ ಸಾಗಿಸುವ ರೂಪ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ನೂರು ಗ್ರಾಂ ಎಲೆಯನ್ನು ಕಡ್ಡಿಯಲ್ಲಿರುವಾಗಲೇ ಎರಡು ಮೂರು ನೀರಿನಲ್ಲಿ ತೊಳೆಯಿರಿ, ಪೇಟೆಯದಾದರೆ ಹರಿಯುವ ನೀರಿಗೇ ಹಿಡಿಯಿರಿ. ಬಿಡಿಸಿ ಬಟ್ಟೆಯ ಮೇಲೆ ನೆರಳಲ್ಲಿ ಹರವಿ. ಬಿಸಿಲಿಗೆ ಇಟ್ಟರೆ ಹಸಿರು ಹೋಗುತ್ತದೆ, ಕ್ಯಾರೊಟಿನ್ನೂ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ತೇವಕ್ಕೆ ಒಣಗುವ ಮಾತೇ ಇಲ್ಲ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಿಟ್ಟು ಕೈಯಾಡಿಸುತ್ತ ಗರಿಗರಿ ಮಾಡಬೇಕು. ನೂರು ಗ್ರಾಂ ಎಲೆ ಒಣಗಿ ಮೂವತ್ತೈದರಿಂದ ನಲವತ್ತು ಗ್ರಾಂ ಆಗುತ್ತದೆ. ಹುರಿದ ಉದ್ದಿನಬೇಳೆ, ಕಡಲೆಬೇಳೆ, ಕೊಬ್ಬರಿ ಮೂರೂ ಸೇರಿ ಅಷ್ಟೇ ತೂಕ, ಬೇಕಾದಷ್ಟು ಒಣಮೆಣಸು, ಚಿಕ್ಕ ತುಂಡು ಹುಣಸೆ, ಕಡಿಮೆ ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡಿ.

ಒಂದು ಚಮಚ, ಅಂದರೆ ಐದು ಗ್ರಾಂ ಪುಡಿಯಲ್ಲಿ ಹೆಚ್ಚುಕಮ್ಮಿ ಏಳು ಗ್ರಾಂ ಹಸಿ ಎಲೆ ಅಡಗಿರುತ್ತದೆ. ತಂಬುಳಿಯ ಪಾಲಿಗಿಂತ ಜಾಸ್ತಿ, ಒಗ್ಗರಣೆಯ ಏಳು ಪಟ್ಟು. ಕ್ಯಾಲ್ಸಿಯಂ ನಲವತ್ತೈದು, ಕಬ್ಬಿಣ 0.6 ಮಿಲಿಗ್ರಾಂ, ಬೇಳೆಯದ್ದು ಬೇರೆ. ಬಿಸಿ ಅನ್ನಕ್ಕೆ ಕಲಸುವಾಗ ಕೊಬ್ಬರಿ ಎಣ್ಣೆಯೋ ತುಪ್ಪವೋ ಒಂದು ಚಮಚ ಬೀಳಲಿ. ಗಾಜಿನ ಬಾಟಲಿಯಲ್ಲಿ ತುಂಬಿ ಕತ್ತಲಲ್ಲಿ ಇಡಿ, ಚಮಚ ಒಣಗಿರಲಿ. ಪುಡಿಯಲ್ಲಿ ಎಲೆ ಹೆಕ್ಕಿ ಮುಚ್ಚಳಕ್ಕೆ ಅಂಟಿಸುವುದಕ್ಕೆ ಯಾರಿಗೂ ಆಗುವುದಿಲ್ಲ.